ಐದನೆಯ ವಾರದ ಸಲಾಂ

(ಉನ್ನತ ಶಿಕ್ಷಣಕ್ಕಾಗಿ ಬ್ರಿಟನ್ನಿಗೆ ಹೊರಟಿರುವ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ಮಂಗಳೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯ ಕೊನೆಯಲ್ಲಿ ಕೇಳಿಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಇದರೊಳಗೇ ಸೇರಿಸಿದ್ದೇನೆ.)

ಅಸ್ಸಲಾಮು ಅಲೈಕುಂ. ಇನ್ನು ಕೆಲವೇ ವಾರಗಳಲ್ಲಿ ನಿಮ್ಮಲ್ಲಿ ಹಲವರು ಮ್ಯಾಂಚೆಸ್ಟರಿನಲ್ಲೋ ಬರ್ಮಿಂಗ್‌ಹ್ಯಾಮಿನಲ್ಲೋ ಲೆಸ್ಟರಿನಲ್ಲೋ ಲಂಡನ್ನಿನಲ್ಲೋ ಇಳಿದಿರುತ್ತೀರಿ. ವೀಸಾ, ಬಾಡಿಗೆ ಕೋಣೆ, ಬ್ಯಾಂಕ್ ಖಾತೆ ಮುಂತಾದವುಗಳ ಬಗ್ಗೆ ತಿಳಿಸಿ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಮಾತನಾಡಬೇಕೆಂದಿರುವುದು ಅಲ್ಲಿನ ಪ್ರತಿಯೊಂದು ದೊಡ್ಡ ವಿಶ್ವವಿದ್ಯಾಲಯದಲ್ಲೂ ಇರುವ ಇಸ್ಲಾಮಿಕ್ ಸೊಸೈಟಿಯ ಬಗ್ಗೆ, ಅಲ್ಲಿಯ ಹುಡುಗರು ‘ಐಸಾಕ್’ ಎಂದು ಚುಟುಕಾಗಿ ಕರೆಯುವ ಆ ಬಳಗವು ಹೊಸಬರನ್ನು ಬರಮಾಡಿಕೊಳ್ಳುವ ಬಗೆಯ ಕುರಿತು. ಒಂದು ವರ್ಷ ಹೊಸಬಳಾಗಿ ಅದರ ಬಾಗಿಲಲ್ಲಿ ನಿಂತವಳು ನಾನು. ಆಮೇಲೆ ಅದೇ ಊರಿನಲ್ಲಿ ಕೆಲಸಕ್ಕಿದ್ದ ಎರಡು ವರ್ಷ, ಹೊಸಬರಿಗೆ ಸಲಾಂ ಹೇಳುವವರ ಸಾಲಿನಲ್ಲೂ ನಿಂತಿದ್ದೇನೆ. ಆದ್ದರಿಂದ ಹೋಗುವವರಿಗೂ, ಮುಂದೊಂದು ದಿನ ಅಲ್ಲಿ ಬರಮಾಡಿಕೊಳ್ಳುವವರಾಗಲಿರುವ ನಿಮಗೂ ಒಟ್ಟಿಗೇ ಹೇಳುತ್ತಿದ್ದೇನೆ.

ಮೊದಲು ಪೋಷಕರ ಅಳುಕಿಗೆ ಉತ್ತರ ಕೊಡುತ್ತೇನೆ, ಏಕೆಂದರೆ ಸಭೆ ಶುರುವಾಗುವ ಮುನ್ನವೇ ಇಬ್ಬರು ತಂದೆಯರು ನನ್ನನ್ನು ಪಕ್ಕಕ್ಕೆ ಕರೆದು, ಮಕ್ಕಳು ಅಲ್ಲಿ ಹೆಸರು ಬರೆಸಿದರೆ ತೊಂದರೆಯಾದೀತೇ ಎಂದು ಕೇಳಿದರು. ಇಸ್ಲಾಮಿಕ್ ಸೊಸೈಟಿ ಎಂಬುದು ಮಸೀದಿಯಲ್ಲ, ಯಾವುದೋ ಹೊರಗಿನ ಸಂಘಟನೆಯ ಶಾಖೆಯೂ ಅಲ್ಲ. ಚೆಸ್ ಬಳಗ, ನಾಟಕದ ಬಳಗ ಇರುವ ಹಾಗೆಯೇ ವಿದ್ಯಾರ್ಥಿ ಒಕ್ಕೂಟದಲ್ಲಿ ನೋಂದಾಯಿಸಿಕೊಂಡ ವಿದ್ಯಾರ್ಥಿಗಳ ಬಳಗ ಅದು. ಅದಕ್ಕೆ ನಿಯಮಾವಳಿ ಇದೆ, ಚುನಾಯಿತ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇರುತ್ತಾರೆ, ಲೆಕ್ಕಪತ್ರ ಒಪ್ಪಿಸಬೇಕಾಗುತ್ತದೆ. 2015ರ ಭಯೋತ್ಪಾದನಾ ನಿಗ್ರಹ ಕಾಯ್ದೆಯ ನಂತರ ಯಾರೂ ಭಯೋತ್ಪಾದನೆಯತ್ತ ಸೆಳೆಯಲ್ಪಡದಂತೆ ನೋಡಿಕೊಳ್ಳುವ ‘ಪ್ರಿವೆಂಟ್’ ಎಂಬ ಹೊಣೆ ವಿಶ್ವವಿದ್ಯಾಲಯಗಳ ಮೇಲೆ ಬಿದ್ದಿದೆಯೆಂಬುದೂ, ಅದರಿಂದಾಗಿ ಮುಸ್ಲಿಂ ವಿದ್ಯಾರ್ಥಿಗಳಲ್ಲಿ ಒಂದು ಮುಜುಗರ ಉಳಿದಿದೆಯೆಂಬುದೂ ನಿಜ. ಆದರೆ ಧರ್ಮದ ಕಾರಣಕ್ಕೆ ತಾರತಮ್ಯ ಮಾಡಬಾರದೆಂದು 2010ರ ಸಮಾನತಾ ಕಾಯ್ದೆ ಹೇಳುತ್ತದೆಂಬುದೂ ಅಷ್ಟೇ ನಿಜ. ಮಕ್ಕಳು ಧೈರ್ಯವಾಗಿ ಹೆಸರು ಬರೆಸಲಿ.

ಈ ಬಳಗಗಳ ಹುಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಬ್ರಿಟನ್ ಮತ್ತು ಐರ್ಲೆಂಡಿನ ಇಸ್ಲಾಮಿಕ್ ಸೊಸೈಟಿಗಳು ಸೇರಿ ‘ಫೋಸಿಸ್’ ಎಂಬ ಒಕ್ಕೂಟವನ್ನು ಕಟ್ಟಿಕೊಂಡದ್ದು 1963ರಲ್ಲಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮುಸ್ಲಿಂ ಸ್ಟೂಡೆಂಟ್ಸ್ ಅಸೋಸಿಯೇಷನ್ ಹುಟ್ಟಿದ್ದೂ ಅದೇ ವರ್ಷ. ಆಗ ಈ ಬಳಗಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ನಮ್ಮಂತೆ ಓದಲೆಂದು ಹೊರದೇಶಗಳಿಂದ ಹೋದವರು. ಜುಮಾಕ್ಕೆ, ಅಂದರೆ ಶುಕ್ರವಾರದ ಸಾಮೂಹಿಕ ನಮಾಜಿಗೆ ಜಾಗವಿಲ್ಲದೆ, ಹಲಾಲ್ ಊಟ ಸಿಗದೆ, ಈದ್ ದಿನ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋದವರು ತಮ್ಮಂಥವರಿಗಾಗಿ ಕಟ್ಟಿಕೊಂಡ ನೆರಳು ಅದು. ಇಂದು ಚಿತ್ರ ತಿರುಗಿದೆ. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 39 ಲಕ್ಷ ಮುಸ್ಲಿಮರಿದ್ದಾರೆ, ಅಂದರೆ ಜನಸಂಖ್ಯೆಯ ಶೇಕಡ 6.5. ಬಳಗದ ಸಮಿತಿಗಳಲ್ಲಿ ಕೂರುವವರು ಬಹುಪಾಲು ಅಲ್ಲೇ ಹುಟ್ಟಿ ಬೆಳೆದ, ಪಾಕಿಸ್ತಾನಿ, ಬಾಂಗ್ಲಾದೇಶಿ, ಸೊಮಾಲಿ, ಅರಬ್ ಮೂಲದ ಮಕ್ಕಳು. ಅವರಲ್ಲಿ ಅನೇಕರು ಒಂದೇ ಶಾಲೆಯಲ್ಲಿ, ಒಂದೇ ಮದ್ರಸದಲ್ಲಿ ಒಟ್ಟಿಗೆ ಕಲಿತವರು. ಅತಿಥಿಗಳು ಕಟ್ಟಿದ ಮನೆಯಲ್ಲಿ ಈಗ ಯಜಮಾನರಿದ್ದಾರೆ, ಅತಿಥಿಗಳು ಮತ್ತೆ ಬಾಗಿಲ ಹೊರಗಿನಿಂದಲೇ ಬರಬೇಕಾಗಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಇದನ್ನು ಮರೆತ ಸಮಿತಿಗೆ ಹೊಸಬರ ಮುಖ ಕಾಣಿಸುವುದಿಲ್ಲ.

ಮೊದಲ ವಾರದಲ್ಲಿ ಸ್ವಾಗತಕ್ಕೇನೂ ಕೊರತೆಯಿಲ್ಲ. ಸೆಪ್ಟೆಂಬರ್ ಕೊನೆಯ ‘ಫ್ರೆಶರ್ಸ್’ ವಾರದಲ್ಲಿ ಎಲ್ಲ ಬಳಗಗಳೂ ದೊಡ್ಡ ಸಭಾಂಗಣದಲ್ಲಿ ಮೇಜು ಹಾಕಿ ಕೂರುತ್ತವೆ. ಆ ವಾರದ ಸಂಜೆಗಳ ಮೋಜೆಲ್ಲ ಮದ್ಯದ ಸುತ್ತಲೇ ತಿರುಗುವುದರಿಂದ, ಇಸ್ಲಾಮಿಕ್ ಸೊಸೈಟಿಯವರು ಪಿಜ್ಜಾ ಊಟ, ಬೌಲಿಂಗ್, ಗುಡ್ಡ ಹತ್ತುವ ಪ್ರವಾಸ, ಊರು ತೋರಿಸುವ ನಡಿಗೆ ಇಂಥವನ್ನು ಇಟ್ಟುಕೊಂಡಿರುತ್ತಾರೆ. ಮೇಜಿನ ಮೇಲೆ ಖರ್ಜೂರ, ಚಾಕೊಲೇಟು, ವಾಟ್ಸ್‌ಆ್ಯಪ್ ಗುಂಪಿಗೆ ಸೇರಲು ಕ್ಯೂಆರ್ ಕೋಡು; ಸಹೋದರರಿಗೆ ಒಂದು ಗುಂಪು, ಸಹೋದರಿಯರಿಗೆ ಇನ್ನೊಂದು. ನಗುನಗುತ್ತಾ ಮಾತನಾಡಿಸುತ್ತಾರೆ, ಮನಸ್ಸಿಗೆ ನಿಜಕ್ಕೂ ಹಿತವಾಗುತ್ತದೆ. ಆದರೆ ಒಂದು ಸಂಗತಿಯನ್ನು ಗಮನಿಸಿ: ವೀಸಾ ತಡವಾಗಿ ಅಕ್ಟೋಬರ್ ಎರಡನೆಯ ವಾರ ಬಂದಿಳಿದ ಹುಡುಗನಿಗೆ ಆ ಮೇಜೂ ಇಲ್ಲ, ಆ ಕೋಡೂ ಇಲ್ಲ. ಜನವರಿಯಲ್ಲಿ ಶುರುವಾಗುವ ಸ್ನಾತಕೋತ್ತರ ಕೋರ್ಸಿಗೆ ಬಂದವರಿಗಂತೂ ಇಡೀ ಊರೇ ಪರಸ್ಪರ ಪರಿಚಯವಾಗಿ ಮುಗಿದ ಮೇಲೆ ತಾವೊಬ್ಬರೇ ಬಂದಂತೆ ಅನ್ನಿಸುತ್ತದೆ. ಭಾರತದಿಂದ ಹೋಗುವವರಲ್ಲಿ ಇಂಥವರು ಕಡಿಮೆಯೇನಲ್ಲ. ನಾನು ಸಲಾಂ ಹೇಳುವ ಸಾಲಿಗೆ ಬಂದಾಗ ಮಾಡಿದ ಮೊದಲ ಕೆಲಸವೆಂದರೆ ಆ ಕೋಡನ್ನು ಮುದ್ರಿಸಿ ನಮಾಜಿನ ಕೋಣೆಯ ಬಾಗಿಲಿಗೂ, ವುಝೂ ಮಾಡುವ ನಲ್ಲಿಗಳ ಮೇಲಿನ ಗೋಡೆಗೂ ಅಂಟಿಸಿದ್ದು. ತಡವಾಗಿ ಬಂದವರೂ ಕೈಕಾಲು ತೊಳೆಯಲು ಅಲ್ಲಿಗೆ ಬರಲೇಬೇಕಲ್ಲ.

ಈಗ ನಮಾಜಿನ ಕೋಣೆಯೊಳಗೆ ಬರೋಣ. ನನ್ನ ಮಾತಿನ ತಿರುಳು ಇರುವುದು ಅಲ್ಲಿ.

ಕರಾವಳಿಯ ನಾವು ಬ್ಯಾರಿಗಳು, ಭಟ್ಕಳದ ನವಾಯತರು, ಶಾಫಿ ಮದ್‌ಹಬಿನವರು, ಅಂದರೆ ಶಾಫಿ ಎಂಬ ಕರ್ಮಶಾಸ್ತ್ರ ಪಂಥದವರು. ಘಟ್ಟದ ಮೇಲಿನ ದಖನಿ ಉರ್ದು ಮಾತಾಡುವ ಮುಸ್ಲಿಮರು ಬಹುತೇಕ ಇನ್ನೊಂದು ಪಂಥದ ಹನಫಿಗಳು. ಊರಿನಲ್ಲಿ ನಮ್ಮ ಮಸೀದಿ ನಮಗೆ, ಅವರ ಮಸೀದಿ ಅವರಿಗೆ. ಹಾಗಾಗಿ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಬ್ರಿಟನ್ನಿನಲ್ಲಿ ಎಲ್ಲರಿಗೂ ಇರುವುದು ಒಂದೇ ಕೋಣೆ. ನಮಾಜಿನಲ್ಲಿ ನಾವು ರುಕೂವಿಗೆ ಬಾಗುವ ಮುನ್ನ ಮತ್ತು ಎದ್ದ ಮೇಲೆ ಕೈಯೆತ್ತುತ್ತೇವೆ, ಹನಫಿಗಳು ಎತ್ತುವುದಿಲ್ಲ. ಇಳಿಹೊತ್ತಿನ ನಮಾಜಾದ ಅಸರ್ ಸಮಯ ನಮ್ಮದು ಬೇಗ, ಅವರದು ತಡ. ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಸೂರ್ಯ ಹುಟ್ಟುವುದೇ ಬೆಳಿಗ್ಗೆ ಎಂಟೂಕಾಲು ದಾಟಿದ ಮೇಲೆ, ಮುಳುಗುವುದು ಸಂಜೆ ನಾಲ್ಕಕ್ಕೂ ಮುನ್ನ. ಮಧ್ಯಾಹ್ನದ ಝುಹರ್, ಅಸರ್, ಸೂರ್ಯಾಸ್ತದ ಮಗ್ರಿಬ್ ಮೂರೂ ನಾಲ್ಕು ಗಂಟೆಯೊಳಗೆ, ಎರಡು ತರಗತಿಗಳ ನಡುವೆ ಓಡಿಬಂದು ಮುಗಿಸಬೇಕಾದ ನಮಾಜುಗಳಾಗಿಬಿಡುತ್ತವೆ. ಹಾಗಿರುವಾಗ ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ಅಸರ್‌ಗೆ ಒಂದೇ ಕಾಲಂ ಇದೆಯೋ ಎರಡಿವೆಯೋ ಎಂಬುದು ಸಣ್ಣ ವಿಷಯವಲ್ಲ. ಎರಡು ಕಾಲಂಗಳಿರುವ ಪಟ್ಟಿಯನ್ನು ನೋಡಿದ ದಿನ, ನನ್ನಂಥವರೂ ಇಲ್ಲಿಗೆ ಬರುತ್ತಾರೆಂದು ಯಾರೋ ಮೊದಲೇ ಯೋಚಿಸಿದ್ದಾರೆ ಎನ್ನಿಸಿ ನನಗೆ ಆದ ನೆಮ್ಮದಿ, ಮೇಜಿನ ಮೇಲಿನ ಚಾಕೊಲೇಟಿನಿಂದ ಆಗಿರಲಿಲ್ಲ.

ನನ್ನ ಜೀವನದ ಮೊದಲ ಜುಮಾ ನಡೆದದ್ದು ಆ ಕೋಣೆಯಲ್ಲೇ. ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಜುಮಾದ ಪ್ರವಚನವಾದ ಖುತ್ಬಾವನ್ನು ಧ್ವನಿವರ್ಧಕದಲ್ಲಿ ಮನೆಯೊಳಗಿಂದ ಕೇಳಿ, ನಾವು ಮನೆಯಲ್ಲೇ ಝುಹರ್‌ನ ನಾಲ್ಕು ರಕಅತ್ (ನಮಾಜಿನ ಆವರ್ತನೆ) ನಿರ್ವಹಿಸುತ್ತಿದ್ದೆವು. ಅಂದು ಬಟ್ಟೆಯ ಪರದೆಯ ಹಿಂದೆ, ಇಮಾಮರ ಧ್ವನಿಯನ್ನು ಹಿಂಬಾಲಿಸುತ್ತಾ ನಿಂತೆ. ಎರಡು ರಕಅತ್ ಮುಗಿದು ಇಮಾಮರು ನಮಾಜನ್ನು ಮುಗಿಸುವ ಸಲಾಂ ಹೇಳಿದರು. ಜುಮಾಕ್ಕೆ ಎರಡೇ ರಕಅತ್ ಎಂದು ಮದ್ರಸದಲ್ಲಿ ಬಾಯಿಪಾಠ ಮಾಡಿದ್ದವಳು ನಾನು. ಆದರೂ ಇಪ್ಪತ್ತೆರಡು ವರ್ಷದ ಅಭ್ಯಾಸ ಮೈಯೊಳಗಿತ್ತು. ಸಾಲೆಲ್ಲ ಕುಳಿತಿರುವಾಗ ನಾನೊಬ್ಬಳೇ ಎದ್ದು ನಿಂತೆ. ಪಕ್ಕದಲ್ಲಿದ್ದದ್ದು ಮಲೇಷ್ಯಾದ ಒಬ್ಬ ಹುಡುಗಿ. ಅವಳು ನನ್ನ ಬಟ್ಟೆಯ ಅಂಚನ್ನು ಮೆಲ್ಲನೆ ಎಳೆದು, ಕಣ್ಣಿನಲ್ಲೇ ಕೂರು ಎಂದಳು. ಸಭೆ ಚದುರಿದ ಮೇಲೆ ಅವಳು ಹೇಳಿದ್ದು ಇಷ್ಟೇ: ತನಗೂ ಊರಿನಲ್ಲಿ ಜುಮಾಕ್ಕೆ ಹೋಗಿ ಅಭ್ಯಾಸವಿರಲಿಲ್ಲ, ಕಳೆದ ವರ್ಷ ತಾನೂ ಹೀಗೆಯೇ ತಬ್ಬಿಬ್ಬಾಗಿದ್ದೆ ಎಂದು. ಆಗಲೇ ನಾನು ಅವಳ ಉಡುಪನ್ನು ಸರಿಯಾಗಿ ನೋಡಿದ್ದು. ನಮಾಜಿಗೆ ನಾವು ಬ್ಯಾರಿಯಲ್ಲಿ ನಿಸ್ಕಾರ ಎನ್ನುತ್ತೇವೆ. ನಮ್ಮ ಮನೆಗಳಲ್ಲಿ ಹೆಂಗಸರು ತೊಡುವ ಬಿಳಿಯ ನಿಸ್ಕಾರ ಕುಪ್ಪಾಯವಿದೆಯಲ್ಲ, ಹೆಚ್ಚುಕಡಿಮೆ ಅದೇ. ಅವರು ಅದನ್ನು ‘ತೆಲೆಕುಂಗ್’ ಎನ್ನುತ್ತಾರೆ. ಮಲೇಷ್ಯಾದವರೂ ಶಾಫಿಗಳು, ಅವಳೂ ನನ್ನಂತೆಯೇ ಕೈಯೆತ್ತುತ್ತಿದ್ದಳು. ಉಪ್ಪಿನಂಗಡಿಯ ಅಜ್ಜಿಯ ಕೋಣೆ ಸಮುದ್ರ ದಾಟಿ ಬಂದು ನನ್ನ ಪಕ್ಕದಲ್ಲಿ ನಿಂತಿದ್ದಂತೆ ಇತ್ತು.

ಮುಂದಿನ ವಾರ ಅವಳಿರಲಿಲ್ಲ. ನಾನು ಅಸರ್ ಮುಗಿಸಿ ಕೂತಿದ್ದಾಗ ಬಳಗದ ಒಬ್ಬ ಹುಡುಗಿ ಬಂದು, ಬಹಳ ಮೃದುವಾಗಿಯೇ, ನಾನು ಮತ್ತೆ ಮತ್ತೆ ಕೈಯೆತ್ತುವುದು ಸರಿಯಲ್ಲವೆಂದೂ, ಸರಿಯಾದ ನಮಾಜನ್ನು ತೋರಿಸುವ ವಿಡಿಯೊ ಕಳಿಸಿಕೊಡುವೆನೆಂದೂ ಹೇಳಿದಳು. ಅವಳ ಉದ್ದೇಶದಲ್ಲಿ ಕೆಡುಕಿರಲಿಲ್ಲ; ನಾಲ್ಕು ಮದ್‌ಹಬ್‌ಗಳ ಪೈಕಿ ಒಂದನ್ನಷ್ಟೇ ನೋಡಿ ಬೆಳೆದವಳು ಅವಳು, ನಾನೂ ಹಾಗೆಯೇ. ಆದರೆ ನನ್ನ ಕಿವಿಗೆ ಬಿದ್ದದ್ದು ಬೇರೆ. ನನ್ನ ಉಮ್ಮ ಕಲಿಸಿದ ನಿಸ್ಕಾರ ತಪ್ಪು, ನನ್ನ ಉಸ್ತಾದರು ತಪ್ಪು ಎಂದು ಕೇಳಿಸಿತು. ಅದಾದ ಮೇಲೆ ಎರಡು ವಾರ ನಾನು ಆ ಕಡೆ ಹೋಗಲಿಲ್ಲ. ಗ್ರಂಥಾಲಯದ ನಾಲ್ಕನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಜಾಕೆಟ್ಟು ಹಾಸಿ ನಮಾಜ್ ಮಾಡಿಕೊಂಡೆ.

ಪ್ರವಾದಿಯವರ ನಡೆನುಡಿಗಳ ಸಂಗ್ರಹವಾದ ಸಹೀಹ್ ಮುಸ್ಲಿಮಿನಲ್ಲಿ ಮುಆವಿಯಾ ಬಿನ್ ಹಕಮ್ ಎಂಬ ಸಹಾಬಿಯ, ಅಂದರೆ ಪ್ರವಾದಿಯವರ ಸಂಗಾತಿಯ ಪ್ರಸಂಗವಿದೆ. ಇಸ್ಲಾಮಿಗೆ ಹೊಸಬರಾಗಿದ್ದ ಅವರು ನಮಾಜಿನ ನಡುವೆ ಯಾರೋ ಸೀನಿದಾಗ, ಅಲ್ಲಾಹನು ನಿನಗೆ ಕರುಣೆ ತೋರಲಿ ಎಂದು ಗಟ್ಟಿಯಾಗಿ ಹೇಳಿಬಿಟ್ಟರು. ಸಾಲಿನಲ್ಲಿದ್ದವರು ದುರುಗುಟ್ಟಿ ನೋಡಿದರು, ತೊಡೆ ತಟ್ಟಿ ಸುಮ್ಮನಿರುವಂತೆ ಸೂಚಿಸಿದರು. ನಮಾಜ್ ಮುಗಿದ ಮೇಲೆ ಪ್ರವಾದಿಯವರು (ಸ: ಅವರ ಮೇಲೆ ಶಾಂತಿಯಿರಲಿ) ಗದರಲಿಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ. ನಮಾಜಿನಲ್ಲಿ ಲೋಕದ ಮಾತು ಸಲ್ಲುವುದಿಲ್ಲ, ಅದು ಸ್ತುತಿಗೂ ಕುರ್‌ಆನ್ ಪಾರಾಯಣಕ್ಕೂ ಇರುವುದು ಎಂದಷ್ಟೇ ತಿಳಿಸಿದರು. ಅವರಿಗಿಂತ ಉತ್ತಮ ಗುರುವನ್ನು ತಾನು ಮೊದಲೂ ಕಾಣಲಿಲ್ಲ, ಆಮೇಲೂ ಕಾಣಲಿಲ್ಲ ಎಂದು ಆ ಸಹಾಬಿ ನೆನೆಯುತ್ತಾರೆ. ಅಲ್ಲಿ ನಡೆದದ್ದು ನಿಜವಾದ ತಪ್ಪು, ಆದರೂ ಅಷ್ಟು ಮೃದು. ಹಾಗಿರುವಾಗ ತಪ್ಪೇ ಅಲ್ಲದ್ದನ್ನು ತಿದ್ದಲು ಹೋಗುವ ಮುನ್ನ, ನೀನು ಯಾವ ಊರಿನವಳು, ನಿಮ್ಮಲ್ಲಿ ಯಾವ ಮದ್‌ಹಬ್ ಎಂದು ಕೇಳುವಷ್ಟು ವ್ಯವಧಾನ ನಮಗೆ ಬೇಡವೇ? ನೀವು ಯಾವ ಬಳಗದ ಸಮಿತಿಗೆ ಸೇರಿದರೂ ಇದೊಂದನ್ನು ಹಟ ಹಿಡಿದು ಜಾರಿಗೆ ತನ್ನಿ ಎಂದು ಕೈಮುಗಿದು ಕೇಳುತ್ತೇನೆ: ಮೊದಲ ತಿಂಗಳಿನಲ್ಲಿ ಹೊಸಬರ ನಮಾಜನ್ನಾಗಲಿ, ಉಡುಪನ್ನಾಗಲಿ ಯಾರೂ ತಿದ್ದಕೂಡದು.

ಉಡುಪಿನ ಮಾತು ಬಂದದ್ದರಿಂದ ಹೇಳುತ್ತೇನೆ. ಬಾಗಿಲವರೆಗೆ ಬಂದು ಹಿಂದಿರುಗುವವರಲ್ಲಿ ಹೆಚ್ಚಿನವರು ತಾವು ‘ಸಾಕಷ್ಟು ಮುಸ್ಲಿಮರಲ್ಲ’ ಎಂದುಕೊಂಡವರು. ತಲೆಗೆ ವಸ್ತ್ರ ಹಾಕದ ಹುಡುಗಿ, ಐದು ಹೊತ್ತು ನಮಾಜ್ ರೂಢಿಯಿಲ್ಲದ ಹುಡುಗ, ಮೊನ್ನೆ ಮೊನ್ನೆ ಇಸ್ಲಾಮ್ ಸ್ವೀಕರಿಸಿ ಮನೆಯಲ್ಲಿ ಇನ್ನೂ ಹೇಳಿರದ ಇಂಗ್ಲಿಷ್ ವಿದ್ಯಾರ್ಥಿನಿ. ಇವರ ಜೊತೆಗೆ ನಮ್ಮೂರಿನವರ ಒಂದು ಬಗೆಯ ಸಂಕೋಚವನ್ನೂ ಸೇರಿಸಬೇಕು. ಇಸ್ಲಾಮಿನಲ್ಲಿ ನಿಷಿದ್ಧವಾದ ಬಡ್ಡಿಯ ಪ್ರಶ್ನೆ ಅಲ್ಲಿನ ಬಳಗಗಳಲ್ಲಿ ಸದಾ ಚರ್ಚೆಯಲ್ಲಿರುತ್ತದೆ, ಏಕೆಂದರೆ ಅಲ್ಲಿನ ಸರ್ಕಾರಿ ವಿದ್ಯಾರ್ಥಿ ಸಾಲಕ್ಕೆ ಬಡ್ಡಿಯಿದೆ, ಅದನ್ನು ಒಲ್ಲದೆ ಓದನ್ನೇ ಮುಂದೂಡಿದವರೂ ಇದ್ದಾರೆ. ಚರ್ಚೆ ನ್ಯಾಯವಾದದ್ದೇ. ಆದರೆ ಮನೆಯ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಬಂದ ನಮ್ಮ ಜಿಲ್ಲೆಯ ಒಬ್ಬ ಹುಡುಗ, ಅಂಥದೊಂದು ಚರ್ಚೆಯಲ್ಲಿ ಮುಕ್ಕಾಲು ಗಂಟೆ ತಲೆ ತಗ್ಗಿಸಿ ಕೂತು ಎದ್ದುಹೋದವನು ವರ್ಷವಿಡೀ ತಿರುಗಿ ಬರಲಿಲ್ಲ ಎಂದು ಆಮೇಲೆ ಅವನೇ ನನಗೆ ಹೇಳಿದ. ತಮ್ಮ ನಡುವೆ ಕೂತವನ ತಂದೆ ಯಾವ ಕಷ್ಟದಲ್ಲಿ ಸಹಿ ಹಾಕಿದರೆಂದು ಆ ಕೋಣೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಹೊಸಬರು ಬರುವ ಮೊದಲ ವಾರಗಳಲ್ಲಿ ಯಾವ ವಿಷಯವನ್ನು ಮಾತಿಗೆ ಎತ್ತಿಕೊಳ್ಳಬೇಕೆಂಬುದರಲ್ಲೂ ಸ್ವಾಗತವಿದೆ.

ಹೊಸಬರಿಗೆ ಮೊದಲು ಬೇಕಾದದ್ದು ಉಪನ್ಯಾಸವಲ್ಲ. ಮದೀನಾಕ್ಕೆ ವಲಸೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್‌ರನ್ನು ಪ್ರವಾದಿಯವರು (ಸ) ಅಲ್ಲಿನ ಸಅದ್ ಬಿನ್ ರಬೀಅರ ಸಹೋದರನನ್ನಾಗಿ ಮಾಡಿದಾಗ, ಸಅದ್ ತಮ್ಮ ಸಂಪತ್ತಿನ ಅರ್ಧವನ್ನು ಕೊಡಲು ಮುಂದಾದರು. ಅಬ್ದುರ್ರಹ್ಮಾನರು ಸಅದ್‌ಗಾಗಿ ದುಆ (ಪ್ರಾರ್ಥನೆ) ಮಾಡಿ, ನನಗೆ ಮಾರುಕಟ್ಟೆಯ ದಾರಿ ತೋರಿಸಿ ಎಂದರು. ಅಂದೇ ತುಪ್ಪವನ್ನೂ ಒಣಗಿಸಿದ ಗಿಣ್ಣನ್ನೂ ಲಾಭವಾಗಿ ತಂದರು. ಈ ಕಥೆಯನ್ನು ಹೇಳುವಾಗ ನಾವು ಸಅದ್‌ರ ಉದಾರತೆಯನ್ನೇ ಹೆಚ್ಚು ಹೊಗಳುತ್ತೇವೆ. ಅತಿಥಿ ಕೇಳಿದ್ದೇನು ಎಂಬುದರ ಮೇಲೂ ನಮ್ಮ ಕಣ್ಣು ಬೀಳಬೇಕು. ಹಲಾಲ್ ಮಾಂಸದಂಗಡಿ ಎಲ್ಲಿದೆ, ಮುಂಗಡ ಕೇಳಿ ಮೋಸ ಮಾಡುವ ಬಾಡಿಗೆ ಜಾಹೀರಾತು ಯಾವುದು, ಯಾವ ಬಸ್ಸು, ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿದರೆ ವೀಸಾಕ್ಕೆ ಆಗುವ ಅಪಾಯವೇನು, ಹಳೆಯ ದಪ್ಪ ಕೋಟು ಯಾರ ಬಳಿ ಇದೆ — ಇವೇ ಇಂದಿನ ಮಾರುಕಟ್ಟೆಯ ದಾರಿಗಳು. ಅಂದಹಾಗೆ, ಆ 20 ಗಂಟೆಗಳನ್ನು ನಮ್ಮವರು ದುಡಿಯುವುದು ಹೆಚ್ಚಾಗಿ ಶುಕ್ರವಾರ, ಶನಿವಾರದ ರಾತ್ರಿಗಳಲ್ಲಿ, ಹೋಟೆಲುಗಳಲ್ಲಿ. ಬಳಗದ ಕಾರ್ಯಕ್ರಮಗಳನ್ನೆಲ್ಲ ಶುಕ್ರವಾರ ಸಂಜೆಗೇ ಇಟ್ಟುಕೊಂಡರೆ, ಹೊರದೇಶದ ವಿದ್ಯಾರ್ಥಿಗಳು ಏಕೆ ಬರುತ್ತಿಲ್ಲ ಎಂದು ಕೇಳುವಂತಿಲ್ಲ.

ಇನ್ನೊಂದು ತೊಡಕು ಬಳಗದ ರಚನೆಯಲ್ಲೇ ಇದೆ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಸಮಿತಿಯ ಚುನಾವಣೆ ನಡೆಯುವುದು ಸಾಮಾನ್ಯವಾಗಿ ವಸಂತದಲ್ಲಿ, ಮುಂದಿನ ಶೈಕ್ಷಣಿಕ ವರ್ಷಕ್ಕಾಗಿ. ಅಲ್ಲಿನ ಸ್ನಾತಕೋತ್ತರ ಪದವಿ ಹೆಚ್ಚಾಗಿ ಒಂದೇ ವರ್ಷದ್ದು. ಸೆಪ್ಟೆಂಬರಿನಲ್ಲಿ ಬಂದವರು ಜನರಿಗೆ ಪರಿಚಯವಾಗುವ ಹೊತ್ತಿಗೆ ಚುನಾವಣೆ ಬರುತ್ತದೆ, ಗೆದ್ದರೂ ಅಧಿಕಾರ ವಹಿಸುವ ಹೊತ್ತಿಗೆ ಓದು ಮುಗಿದಿರುತ್ತದೆ. ಹೀಗಾಗಿ ನಮ್ಮವರ ಧ್ವನಿ ಸಮಿತಿಯೊಳಗೆ ತಾನಾಗಿ ಹುಟ್ಟುವುದಿಲ್ಲ. ಅಕ್ಟೋಬರಿನಲ್ಲೇ ಒಬ್ಬ ಸ್ನಾತಕೋತ್ತರ ಪ್ರತಿನಿಧಿಯನ್ನು ಸೇರಿಸಿಕೊಳ್ಳಿ ಎಂದು ನೀವೇ ಹೋಗಿ ಕೇಳಬೇಕು. ಸಂಕೋಚಪಡಬೇಡಿ, ಬಹಳಷ್ಟು ಸಮಿತಿಗಳಿಗೆ ಅದು ಹೊಳೆದಿಲ್ಲ ಅಷ್ಟೆ.

ನಾನು ಹೋಗದೆ ಉಳಿದ ಎರಡು ವಾರಗಳ ಕಥೆಗೆ ಮರಳುತ್ತೇನೆ. ಅಕ್ಟೋಬರಿನ ಕೊನೆಯ ಭಾನುವಾರ ಆ ದೇಶದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಮರುದಿನ ಸಂಜೆ ಐದಕ್ಕೆ ತರಗತಿ ಮುಗಿಸಿ ಹೊರಬಂದರೆ ಆಗಲೇ ಸೂರ್ಯ ಮುಳುಗಿ ಕತ್ತಲು ಕವಿಯುತ್ತಿರುತ್ತದೆ. ನಮ್ಮೂರಿನಲ್ಲಿ ಎಷ್ಟೇ ಚಳಿಗಾಲವಾದರೂ ಆರು ಗಂಟೆಯವರೆಗೆ ಬೆಳಕಿರುತ್ತದೆ. ಅಲ್ಲಿ ಹೊಸಬರ ಎದೆ ಮೊದಲ ಬಾರಿಗೆ ಕುಸಿಯುವುದು ಆ ವಾರದಲ್ಲಿ. ಲೆಕ್ಕ ಹಾಕಿದರೆ ಅದು ತರಗತಿಗಳು ಶುರುವಾಗಿ ಸರಿಸುಮಾರು ಐದನೆಯ ವಾರ. ಮೇಜುಗಳು ಮಡಚಿ ಒಳಗೆ ಹೋಗಿರುತ್ತವೆ, ಮೊದಲ ಪ್ರಬಂಧಗಳ ಗಡುವು ಎದುರಿಗಿರುತ್ತದೆ, ಸಮಿತಿಯವರೂ ದಣಿದಿರುತ್ತಾರೆ. ಸ್ವಾಗತ ನಿಜವಾಗಿ ಬೇಕಾಗುವ ಹೊತ್ತಿಗೆ ಸ್ವಾಗತಿಸುವವರ ಕೈ ಬರಿದಾಗಿರುತ್ತದೆ. ಪ್ರವಾದಿಯವರ (ಸ) ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಕಪ್ಪು ವರ್ಣದ ಹೆಂಗಸು ಕೆಲವು ದಿನ ಕಾಣಿಸದಿದ್ದಾಗ ಅವರೇ ವಿಚಾರಿಸಿದ್ದನ್ನು ನೀವೆಲ್ಲ ಕೇಳಿದ್ದೀರಿ. ಆಕೆ ತೀರಿಕೊಂಡಳು ಎಂದರು ಜನ. ಅದನ್ನು ತಿಳಿಸುವಷ್ಟು ದೊಡ್ಡ ಸಂಗತಿಯೆಂದು ಅವರಿಗೆ ಅನ್ನಿಸಿರಲಿಲ್ಲ. ನನಗೇಕೆ ತಿಳಿಸಲಿಲ್ಲವೆಂದು ಕೇಳಿ, ಕಬರ್ ಎಲ್ಲಿದೆಯೆಂದು ತೋರಿಸಿಕೊಂಡು ಹೋಗಿ ಅವರು ಆಕೆಗಾಗಿ ನಮಾಜ್ ನಿರ್ವಹಿಸಿದರು.

ನನ್ನ ಐದನೆಯ ವಾರದ ಮಂಗಳವಾರ ರಾತ್ರಿ ಸಹೋದರಿಯರ ಗುಂಪಿನಲ್ಲಿ ಒಂದು ಸಂದೇಶ ಬಂತು: ಎಡಗಡೆಯ ತುದಿಯಲ್ಲಿ ನಿಲ್ಲುತ್ತಿದ್ದ, ಭಾರತದಿಂದ ಬಂದ, ಕೈಯೆತ್ತಿ ನಮಾಜ್ ಮಾಡುವ ಹುಡುಗಿ ಎರಡು ಜುಮಾದಿಂದ ಕಾಣುತ್ತಿಲ್ಲ, ಅವಳ ಹೆಸರು ಯಾರಿಗಾದರೂ ಗೊತ್ತೇ? ಬರೆದವಳು ಆ ಮಲೇಷ್ಯಾದ ಹುಡುಗಿ. ನನ್ನ ಹೆಸರೂ ಅವಳಿಗೆ ತಿಳಿದಿರಲಿಲ್ಲ. ಕೆಳಗೆ ಮೊದಲು ಉತ್ತರಿಸಿದ್ದು, ನನ್ನನ್ನು ತಿದ್ದಲು ಬಂದಿದ್ದ ಆ ಇನ್ನೊಬ್ಬಳು. ಬಹುಶಃ ತನ್ನ ಮಾತಿನಿಂದಲೇ ಹೀಗಾಯಿತೇನೋ, ತಾನು ಕ್ಷಮೆ ಕೇಳಬೇಕಾಗಿದೆ ಎಂದು ಎಲ್ಲರೆದುರು ಬರೆದಿದ್ದಳು. ಆ ವರ್ಷದ ರಂಝಾನಿನಲ್ಲಿ ನಾವು ಮೂವರೂ ಒಂದೇ ಚಾಪೆಯ ಮೇಲೆ ಇಫ್ತಾರ್ ಮಾಡಿದೆವು. ಈಗಿನ ಹಾಗೂ ಮುಂದಿನ ಕೆಲವು ವರ್ಷಗಳಲ್ಲಿ ರಂಝಾನ್ ಬರುವುದು ಚಳಿಗಾಲದ ತಿಂಗಳುಗಳಲ್ಲಿ, ಬಹುಪಾಲು ತರಗತಿಗಳು ನಡೆಯುತ್ತಿರುವಾಗಲೇ. ಆದ್ದರಿಂದ ಆವರಣದ ಇಫ್ತಾರಿಗೆ ನೀವು ತಪ್ಪದೆ ಹೋಗಿ, ಒಬ್ಬರೇ ಕೋಣೆಯಲ್ಲಿ ಕೂತು ಉಪವಾಸ ಬಿಡಬೇಡಿ.

ಕೊನೆಗೆ ಒಬ್ಬ ತಾಯಿ ಕೇಳಿದರು, ಮಗಳ ಪೆಟ್ಟಿಗೆಯಲ್ಲಿ ಏನೇನು ಇಟ್ಟುಕೊಡಲಿ ಎಂದು. ಮಸಾಲೆ ಪುಡಿ, ಕುಕ್ಕರು, ಅಕ್ಕಿರೊಟ್ಟಿಯ ಹಿಟ್ಟು ನೀವು ಹೇಗೂ ಇಡುತ್ತೀರಿ. ನಿಸ್ಕಾರ ಕುಪ್ಪಾಯವನ್ನು ಎರಡು ಇಡಿ. ನಮಾಜಿನ ಕೋಣೆಯಲ್ಲಿ ಹೆಂಗಸರ ಭಾಗದ ಗೋಡೆಗೆ ಮೂರು ಮೊಳೆಗಳಿದ್ದವು. ನಮಾಜಿಗೆ ಹೊಂದುವ ಉಡುಪಿಲ್ಲದೆ ಬಂದವರು ಯಾರನ್ನೂ ಕೇಳದೆ ತೊಟ್ಟುಕೊಳ್ಳಲೆಂದು ಅಲ್ಲಿ ಬಿಳಿಯ ಉಡುಪುಗಳನ್ನು ನೇತುಹಾಕಿರುತ್ತಿದ್ದರು. ಮಲೇಷ್ಯಾದ ಹುಡುಗಿ ಊರಿಗೆ ಹೊರಟ ದಿನ ತನ್ನದನ್ನು ಒಗೆದು, ಇಸ್ತ್ರಿ ಮಾಡಿ ಒಂದು ಮೊಳೆಗೆ ಹಾಕಿ ಹೋದಳು. ನಾನು ಹೊರಡುವಾಗ ನನ್ನದನ್ನು ಅದರ ಪಕ್ಕದ ಮೊಳೆಗೆ ಹಾಕಿ ಬಂದೆ.